‘ಲಾಗುತ್ತದೆ’ ಅಂದರೆ ಯಾರು ಸ್ವಾಮಿ?

ಪ್ರಿಯ ಲೇಖಕರೇ,

‘ಕಟ್ಟಡ ನಿರ್ಮಾಣದಲ್ಲಿ ವೃತ್ತಿಪರರ ಪಾತ್ರಗಳು ಮತ್ತು ಸಂಗ್ರಹಣಾ ವಿಧಾನಗಳು’ ಎಂಬ ನಿಮ್ಮ ಹನ್ನೆರಡು ಪುಟದ ಲೇಖನ ಓದಿದೆ. ವಿಷಯ ಒಳ್ಳೆಯದು, ಕನ್ನಡದಲ್ಲಿ ಇದನ್ನು ಬರೆಯುವವರು ಕಡಿಮೆ, ಕಾಗುಣಿತ ತಪ್ಪಿಲ್ಲ. ಆದರೆ ಈಗಿರುವ ಹಾಗೆ ಅಚ್ಚಿಗೆ ಕಳಿಸಲಾರೆ.

ನನ್ನನ್ನು ಕೆರಳಿಸಿದ್ದು ನಾಲ್ಕನೇ ಪುಟ. ಅಲ್ಲಿ ಒಂದೇ ಪ್ಯಾರಾದಲ್ಲಿ ಏಳು ವಾಕ್ಯ, ಏಳೂ ‘ಲಾಗುತ್ತದೆ’ಯಲ್ಲೇ ಮುಗಿಯುತ್ತವೆ. “ನಕ್ಷೆಗಳನ್ನು ಸಿದ್ಧಪಡಿಸಲಾಗುತ್ತದೆ. ಅವುಗಳನ್ನು ಪರಿಶೀಲಿಸಿ ಅನುಮೋದಿಸಲಾಗುತ್ತದೆ. ವ್ಯತ್ಯಾಸ ಕಂಡುಬಂದಲ್ಲಿ ಸರಿಪಡಿಸಲಾಗುತ್ತದೆ.” ಯಾರು ಸ್ವಾಮಿ? ಯಾರ ಕೆಲಸ ಯಾವುದು ಅಂತ ಹೇಳಲಿಕ್ಕೆ ಕೂತ ಲೇಖನದಲ್ಲಿ ಕೆಲಸ ಮಾಡುವವರೇ ನಾಪತ್ತೆ!

ಒಂದೊಂದೇ ನೋಡೋಣ.

“ನಕ್ಷೆಗಳನ್ನು ಸಿದ್ಧಪಡಿಸಲಾಗುತ್ತದೆ.” ಮಾಲೀಕರು ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್ ಇಟ್ಟುಕೊಂಡು ಡಿಸೈನ್ ಮುಗಿಸಿ, ಆಮೇಲೆ ಟೆಂಡರ್ ಕರೆಯುವ ಹಳೆಯ ಪದ್ಧತಿಯಲ್ಲಿ ನಕ್ಷೆ ಮಾಲೀಕರ ಕಡೆಯದು. ಅದರಲ್ಲಿ ತಪ್ಪಿದ್ದರೆ ಗುತ್ತಿಗೆದಾರರು ಹೆಚ್ಚುವರಿ ಹಣ ಕೇಳುತ್ತಾರೆ, ದಿನವನ್ನೂ ಕೇಳುತ್ತಾರೆ. ಡಿಸೈನ್-ಬಿಲ್ಡ್‌ನಲ್ಲಿ, ಅಂದರೆ ಡಿಸೈನೂ ನಿರ್ಮಾಣವೂ ಗುತ್ತಿಗೆದಾರರಿಗೇ ಸೇರಿದ ಪದ್ಧತಿಯಲ್ಲಿ, ನಕ್ಷೆ ಬರೆಯುವವರಿಗೆ ಫೀಸು ಕೊಡುವವರು ಗುತ್ತಿಗೆದಾರರು. ತಪ್ಪೂ ಅವರ ಲೆಕ್ಕಕ್ಕೇ. ಇನ್ನೊಂದು ಸಂಗತಿ ನಿಮ್ಮ ವಾಕ್ಯದಲ್ಲಿ ಮುಚ್ಚಿಹೋಗಿದೆ. ಹಳೆಯ ಪದ್ಧತಿಯಲ್ಲೂ ಎಲ್ಲ ನಕ್ಷೆ ಒಬ್ಬರದಲ್ಲ. ಉಕ್ಕಿನ ಜೋಡಣೆ, ಕಿಟಕಿ ಚೌಕಟ್ಟು, ಡಕ್ಟು (ಎಸಿ ಗಾಳಿ ಹಾಯುವ ಕೊಳವೆ) ಇವುಗಳ ಶಾಪ್ ಡ್ರಾಯಿಂಗ್, ಅಂದರೆ ತಯಾರಿಸಿ ಜೋಡಿಸಲು ಬೇಕಾದ ವಿವರ ನಕ್ಷೆ, ಸಾಮಾನ್ಯವಾಗಿ ಬರುವುದು ಗುತ್ತಿಗೆದಾರರ ಕಡೆಯಿಂದ.

“ಪರಿಶೀಲಿಸಿ ಅನುಮೋದಿಸಲಾಗುತ್ತದೆ.” ಇವು ಎರಡು ಬೇರೆ ಬೇರೆ ಕ್ರಿಯೆ, ನೀವು ಒಂದೇ ಉಸಿರಿನಲ್ಲಿ ನುಂಗಿದ್ದೀರಿ. ಡಿಸೈನ್-ಬಿಲ್ಡ್‌ನಲ್ಲಿ ಮಾಲೀಕರ ಕಡೆಯ ಎಂಜಿನಿಯರ್ ನಕ್ಷೆ ನೋಡುತ್ತಾರೆ, ಬೇಡಿಕೆಗೆ ಹೊಂದುತ್ತಿದೆಯೇ ಅಂತ ತಾಳೆ ಹಾಕುತ್ತಾರೆ. ಆದರೆ ಜವಾಬ್ದಾರಿ ಹೊರುವುದಿಲ್ಲ. ಫಿಡಿಕ್‌ನ (ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) 2017ರ ಮಾದರಿ ಕರಾರುಗಳಲ್ಲಿ ಇದಕ್ಕೆ ‘ನೋ-ಆಬ್ಜೆಕ್ಷನ್’ ಎಂಬ ಮಾತು ಬಂದದ್ದು ಸುಮ್ಮನೆ ಅಲ್ಲ. ಆಕ್ಷೇಪವಿಲ್ಲ ಎಂದರೆ ಒಪ್ಪಿ ಹೊಣೆ ಹೊತ್ತಂತಲ್ಲ.

“ವ್ಯತ್ಯಾಸ ಕಂಡುಬಂದಲ್ಲಿ ಸರಿಪಡಿಸಲಾಗುತ್ತದೆ.” ಇಲ್ಲೇ ಲೇಖನದ ಜೀವ ಇತ್ತು, ನೀವು ದಾಟಿ ಹೋದಿರಿ. ಒಂದು ವ್ಯತ್ಯಾಸ ತೆಗೆದುಕೊಳ್ಳಿ. ಮಹಡಿಯಿಂದ ಮಹಡಿಗೆ 3600 ಮಿ.ಮೀ. ಸ್ಲ್ಯಾಬ್ ಸೇರಿ ಬೀಮ್ ಆಳ 600. ನೆಲಹಾಸಿಗೆ 75. ಬೀಮಿನ ಅಡಿಯಲ್ಲಿ ಹಾಯುವ ಎಸಿ ಡಕ್ಟು ಇನ್ಸುಲೇಷನ್ ಸೇರಿ 350. ಫಾಲ್ಸ್ ಸೀಲಿಂಗ್ ಚೌಕಟ್ಟಿಗೆ 75. ಕಳೆದು ನೋಡಿದರೆ ಉಳಿಯುವುದು 2500. ಆರ್ಕಿಟೆಕ್ಟ್ ನಕ್ಷೆಯಲ್ಲಿ ಸೀಲಿಂಗ್ ಎತ್ತರ 2700 ಎಂದಿದೆ. 200 ಮಿ.ಮೀ. ಎಲ್ಲಿಂದ ತರುವುದು?

ಹಳೆಯ ಪದ್ಧತಿಯಲ್ಲಿ ಗುತ್ತಿಗೆದಾರರ ಸೈಟ್ ಎಂಜಿನಿಯರ್ ಪತ್ರ ಬರೆದು ಸುಮ್ಮನಾಗುತ್ತಾರೆ. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಎಸಿ ಕನ್ಸಲ್ಟೆಂಟ್ ಮೂವರೂ ಕೂತು ಡಕ್ಟಿನ ದಾರಿ ಬದಲಿಸಬೇಕು, ಇಲ್ಲವೇ ಬೀಮಿನಲ್ಲಿ ತೂತು ಬಿಡಬೇಕು. ಲಿಖಿತ ಸೂಚನೆ ಹೊರಟ ಕೂಡಲೇ ಅದು ಎಕ್ಸ್‌ಟ್ರಾ ಐಟಂ, ಹಣ ಮಾಲೀಕರದು. ಸೂಚನೆ ತಡವಾದರೆ ಅವಧಿ ವಿಸ್ತರಣೆಯೂ ಮಾಲೀಕರ ತಲೆಗೆ.

ಡಿಸೈನ್-ಬಿಲ್ಡ್‌ನಲ್ಲಿ ಪತ್ರವೇ ಇಲ್ಲ. ಗುತ್ತಿಗೆದಾರರು ತಮ್ಮದೇ ಡಿಸೈನರ್‌ಗಳನ್ನು ಕೂರಿಸಿಕೊಂಡು ಮುಗಿಸುತ್ತಾರೆ. ಹೇಗೆ ಮುಗಿಸುತ್ತಾರೆ ಅನ್ನುವುದು ಮಾತ್ರ ಮಾಲೀಕರ ಬೇಡಿಕೆ ಪತ್ರದಲ್ಲಿ ‘ಸೀಲಿಂಗ್ ಎತ್ತರ ಕನಿಷ್ಠ 2700’ ಅಂತ ಬರೆದಿತ್ತೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಬರೆದಿದ್ದರೆ ಡಕ್ಟು ದಾರಿ ಬದಲಿಸುತ್ತದೆ, ಖರ್ಚು ಗುತ್ತಿಗೆದಾರರದು. ಬರೆದಿಲ್ಲವಾದರೆ ಸೀಲಿಂಗ್ ಸದ್ದಿಲ್ಲದೆ 2500ಕ್ಕೆ ಇಳಿಯುತ್ತದೆ. ಮಾಲೀಕರಿಗೆ ಗೊತ್ತಾಗುವುದು ಒಳಗೆ ನಿಂತು ತಲೆ ಎತ್ತಿ ನೋಡಿದಾಗ.

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್‌ನಲ್ಲಿ ಮುಖ್ಯ ಗುತ್ತಿಗೆದಾರ ಅಂತಲೇ ಯಾರೂ ಇಲ್ಲ. ಕಾಂಕ್ರೀಟಿನವರು, ಡಕ್ಟಿನವರು, ಸೀಲಿಂಗಿನವರು, ಪ್ರತಿಯೊಬ್ಬರ ಕರಾರೂ ನೇರ ಮಾಲೀಕರ ಜೊತೆ. ಮ್ಯಾನೇಜರ್ ಫೀಸಿಗೆ ದುಡಿಯುವ ಸಮನ್ವಯಕಾರರು. ಡಿಸೈನ್ ಪೂರ್ತಿಯಾಗುವ ಮೊದಲೇ ಪ್ಯಾಕೇಜುಗಳು (ಬಿಡಿ ಕೆಲಸಗಳ ಗುತ್ತಿಗೆಗಳು) ಒಂದೊಂದಾಗಿ ಹೊರಡುವುದರಿಂದ ಡಕ್ಟಿನ ನಕ್ಷೆ ಬರುವ ಹೊತ್ತಿಗೆ ಸ್ಲ್ಯಾಬ್ ಹಾಕಿಯಾಗಿರುತ್ತದೆ. ಆ 200 ಮಿ.ಮೀ.ಗೆ ಮೂವರೂ ಬಿಲ್ಲು ಕಳಿಸುತ್ತಾರೆ, ಮೂರೂ ಮಾಲೀಕರ ವಿಳಾಸಕ್ಕೆ. (ಮ್ಯಾನೇಜ್‌ಮೆಂಟ್ ಕಾಂಟ್ರಾಕ್ಟಿಂಗ್ ಇದಲ್ಲ. ಅಲ್ಲಿ ಪ್ಯಾಕೇಜಿನವರ ಕರಾರು ಮ್ಯಾನೇಜ್‌ಮೆಂಟ್ ಗುತ್ತಿಗೆದಾರರ ಜೊತೆ. ನೀವು ಎರಡನ್ನೂ ಒಂದೇ ಉಪಶೀರ್ಷಿಕೆಗೆ ಕಟ್ಟಿಹಾಕಿದ್ದೀರಿ, ಬಿಡಿಸಿ.)

ಅದೇ ಬೀಮ್, ಅದೇ ಡಕ್ಟು. ‘ಸರಿಪಡಿಸಲಾಗುತ್ತದೆ’ಯ ಹಿಂದೆ ನಿಂತವರು ಮೂರು ಸಲ ಬದಲಾದರು.

ನನ್ನ ಈ ಹಟ ಹಳೆಯದು. ನಾನು ಬರೆಯಲು ಕಲಿತದ್ದು ಅಳತೆ ಪುಸ್ತಕದಲ್ಲಿ. ಅಳೆದವರು, ಎದುರಿಗಿದ್ದವರು, ತಾಳೆ ನೋಡಿದವರು, ಈ ಸಹಿಗಳಿಲ್ಲದ ಪುಟವನ್ನು ಬಿಲ್ಲಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಕರ್ತೃವಿಲ್ಲದ ವಾಕ್ಯ ಕಂಡರೆ ಇವತ್ತಿಗೂ ಕೈ ಕೆಂಪು ಪೆನ್ನಿಗೆ ಹೋಗುತ್ತದೆ.

ಎರಡನೆಯ ದೂರು ಲೇಖನದ ಕಟ್ಟಿನ ಬಗ್ಗೆ. ಮೊದಲ ಆರು ಪುಟ ಪಾತ್ರಗಳು, ಮುಂದಿನ ಆರು ಪುಟ ಪದ್ಧತಿಗಳು, ನಡುವೆ ಗೋಡೆ. ಅದಕ್ಕೇ ನಿಮ್ಮ ಮಾತು ನಿಮ್ಮನ್ನೇ ಕಡಿಯುತ್ತದೆ. ಎರಡನೇ ಪುಟದಲ್ಲಿ “ಆರ್ಕಿಟೆಕ್ಟ್ ಮಾಲೀಕರ ಪ್ರತಿನಿಧಿ” ಎಂದಿದ್ದೀರಿ. ಎಂಟನೇ ಪುಟದಲ್ಲಿ ನೊವೇಷನ್ ಬರುತ್ತದೆ, ಅಂದರೆ ಮಾಲೀಕರು ನೇಮಿಸಿದ ಆರ್ಕಿಟೆಕ್ಟನ್ನು ನಡುವೆ ಗುತ್ತಿಗೆದಾರರಿಗೆ ವಹಿಸಿಕೊಡುವುದು. ನಿನ್ನೆವರೆಗೆ ಮಾಲೀಕರಿಗೆ ಸಲಹೆ ಕೊಟ್ಟವರು ಇಂದು ಇನ್ನೊಬ್ಬರ ಕಡೆ. ಹಾಗಾದರೆ ಮಾಲೀಕರ ಪರ ನೋಡುವವರು ಯಾರು? ಬೇರೊಬ್ಬ ತಾಂತ್ರಿಕ ಸಲಹೆಗಾರರನ್ನು ಇಟ್ಟುಕೊಳ್ಳಬೇಕು. ಆ ಫೀಸು ಮೊದಲ ಬಜೆಟ್ಟಿನಲ್ಲಿ ಬಿಟ್ಟುಹೋಗುವುದು ಸಾಮಾನ್ಯ. ನಿಮ್ಮಲ್ಲಿ ಇದರ ಸುಳಿವೂ ಇಲ್ಲ.

“ಎಂಜಿನಿಯರ್ ಕರಾರಿನ ನಿರ್ವಾಹಕರು” ಎಂಬುದೂ ಹಾಗೆಯೇ. ಫಿಡಿಕ್‌ನ ಮಾದರಿ ಕರಾರುಗಳನ್ನು ಹೊದಿಕೆಯ ಬಣ್ಣದಿಂದ ಕರೆಯುತ್ತಾರೆ. ಕೆಂಪು (ಮಾಲೀಕರ ಡಿಸೈನ್), ಹಳದಿ (ಗುತ್ತಿಗೆದಾರರ ಡಿಸೈನ್) ಪುಸ್ತಕಗಳಲ್ಲಿ ಸರಿ. 2017ರ ಆವೃತ್ತಿಯಲ್ಲಂತೂ, ಎರಡು ಕಡೆಯವರ ನಡುವೆ ನಿರ್ಣಯ ಕೊಡುವಾಗ ಎಂಜಿನಿಯರ್ ತಟಸ್ಥವಾಗಿರಬೇಕು ಎಂದೇ ಬರೆದಿದೆ. ಆದರೆ ಟರ್ನ್‌ಕೀ (ಪೂರ್ತಿ ಮುಗಿಸಿ ಕೀಲಿಕೈ ಒಪ್ಪಿಸುವ) ಕೆಲಸದ ಬೆಳ್ಳಿ ಪುಸ್ತಕದಲ್ಲಿ ಎಂಜಿನಿಯರ್ ಎಂಬ ಪಾತ್ರವೇ ಇಲ್ಲ, ಮಾಲೀಕರ ಪ್ರತಿನಿಧಿ ಇರುತ್ತಾರೆ. ಕರಾರು ಬದಲಾದರೆ ಒಂದು ಹುದ್ದೆಯೇ ಮಾಯವಾಗುತ್ತದೆ. ಇಂಥ ಸಂಗತಿಯನ್ನು ಬಿಟ್ಟು ಪುಸ್ತಕಗಳ ಬಣ್ಣ ಮಾತ್ರ ಹೇಳಿದರೆ ಏನು ಬಂತು?

ಕ್ವಾಂಟಿಟಿ ಸರ್ವೇಯರ್ (ಕೆಲಸದ ಪ್ರಮಾಣ ಅಳೆದು ಲೆಕ್ಕ ಹಾಕುವವರು) “ವೆಚ್ಚ ನಿಯಂತ್ರಿಸುತ್ತಾರೆ” ಅಂದಿದ್ದೀರಿ. ಅಳೆದಷ್ಟಕ್ಕೆ ಹಣ ಕೊಡುವ ಕರಾರಿನಲ್ಲಿ ಪಟ್ಟಿಯಲ್ಲಿ 400 ಘನ ಮೀಟರ್ ಅಗೆತ ಇದ್ದು ಸೈಟಿನಲ್ಲಿ 520 ಆದರೆ, ಆ 120ಕ್ಕೂ ಹಣ ಸಲ್ಲುತ್ತದೆ. ಅವರ ಕೆಲಸ ಸರಿಯಾಗಿ ಅಳೆದು ಮೊದಲೇ ಎಚ್ಚರಿಸುವುದು. ಒಟ್ಟು ಮೊತ್ತದ ಕರಾರಿನಲ್ಲಿ ಪ್ರಮಾಣದ ಅಪಾಯ ಗುತ್ತಿಗೆದಾರರದು, ಅಲ್ಲಿ ಅಳತೆಯ ತಲೆಬಿಸಿ ಆ ಕಡೆಯ ಸರ್ವೇಯರ್‌ಗೆ.

ಕೊನೆಗೆ ಆ ಶೀರ್ಷಿಕೆ. ‘ಸಂಗ್ರಹಣಾ ವಿಧಾನ’ ಅಂದರೆ ಓದುಗರ ಕಣ್ಣಿಗೆ ಬರುವುದು ಗೋದಾಮಿನಲ್ಲಿ ಪೇರಿಸಿದ ಸಿಮೆಂಟ್ ಮೂಟೆ. ‘ಗುತ್ತಿಗೆ ಕೊಡುವ ಬಗೆ’ ಅನ್ನಿ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ನಾಲ್ಕನೇ ಪುಟದ ಆ ಏಳು ವಾಕ್ಯಗಳನ್ನು ಮೂರೂ ಪದ್ಧತಿಗೆ ಮೂರು ಸಲ, ಪ್ರತಿ ವಾಕ್ಯಕ್ಕೂ ಕರ್ತೃ ಇಟ್ಟು ಬರೆದು ಅಷ್ಟನ್ನೇ ಮೊದಲು ಕಳಿಸಿ.

ಇತಿ,
ಸಂಪಾದಕ