ಜನ ಬರೋದು ಹನ್ನೊಂದಕ್ಕೆ, ಸರ್ವರ್ ಬರೋದು ಸಂಜೆಗೆ!

ಪ್ರಶ್ನೆ: ರಾಯಚೂರು ಎಪಿಎಂಸಿಯ ಹತ್ತಿ ದರ ತಿಳಿಸುವ ಆ್ಯಪ್ ನಡೆಸುತ್ತೇವೆ, ಎಡಬ್ಲ್ಯೂಎಸ್‌ನಲ್ಲಿದೆ (ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ). ಬೆಳಿಗ್ಗೆ 11ಕ್ಕೆ ದರ ಹಾಕಿದ ಕೂಡಲೇ ರೈತರೆಲ್ಲ ಒಮ್ಮೆಲೇ ತೆರೆಯುತ್ತಾರೆ, ಆ್ಯಪ್ ನಿಂತುಬಿಡುತ್ತದೆ. ಸಿಪಿಯು ಗುರಿ 80% ಇಟ್ಟು ಟಾರ್ಗೆಟ್ ಟ್ರ್ಯಾಕಿಂಗ್ (ಗುರಿಗೆ ತಕ್ಕಂತೆ ಸರ್ವರ್ ಸಂಖ್ಯೆಯನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆ) ಹಾಕಿದ್ದೇವೆ. ಕನಿಷ್ಠ 2, ಗರಿಷ್ಠ 10 ಸರ್ವರ್. ಹೊಸದು ಏಳುವಷ್ಟರಲ್ಲಿ ಜನ ಹೋಗಿರುತ್ತಾರೆ. 10.45ಕ್ಕೆ ಶೆಡ್ಯೂಲ್ ಹಾಕಿದರೆ ಸರ್ವರ್ ಹೆಚ್ಚಿದ್ದು ಸಂಜೆ 4.15ಕ್ಕೆ!
– ಓದುಗರು, ರಾಯಚೂರು

ಉತ್ತರ: ಸಂಜೆಯ ಗುಟ್ಟು ಮೊದಲು ಬಿಡಿಸೋಣ. ಟೈಮ್ ಝೋನ್ ಆರಿಸದಿದ್ದರೆ ಶೆಡ್ಯೂಲ್ ಯುಟಿಸಿ (ಜಾಗತಿಕ ಮಾನಕ ಸಮಯ) ಲೆಕ್ಕದಲ್ಲಿ ಓಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ‘ಏಷ್ಯಾ/ಕೋಲ್ಕತಾ’ ಆರಿಸಿ, 10.45ಕ್ಕೆ ಕನಿಷ್ಠ ಸಂಖ್ಯೆಯನ್ನು 5 ಮಾಡಿ. 12ಕ್ಕೆ ಅದನ್ನು 2ಕ್ಕೆ ಇಳಿಸುವ ಇನ್ನೊಂದು ಶೆಡ್ಯೂಲ್ ಬೇಕೇ ಬೇಕು. ಇಲ್ಲದಿದ್ದರೆ ಐದೂ ಸರ್ವರ್ ರಾತ್ರಿಯಿಡೀ ಓಡುತ್ತವೆ, ಬಿಲ್ಲೂ ಓಡುತ್ತದೆ.

ಇಂಥ ದಿಢೀರ್ ನೂಕುನುಗ್ಗಲಿಗೆ ಸಿಪಿಯು ಪಾಲಿಸಿಯೊಂದನ್ನೇ ನಂಬಬೇಡಿ. ಮಾಮೂಲಿ ಮಾನಿಟರಿಂಗ್ ಅಂಕಿ ಕಳಿಸುವುದೇ 5 ನಿಮಿಷಕ್ಕೊಮ್ಮೆ. ಡಿಟೇಲ್ಡ್ ಮಾನಿಟರಿಂಗ್ ಹಾಕಿದರೆ ನಿಮಿಷಕ್ಕೊಮ್ಮೆ ಬರುತ್ತದೆ, ಅದಕ್ಕೆ ಬೇರೆ ದುಡ್ಡು. ಆಗಲೂ ಅಲಾರಂ ಹೊಡೆಯಲು ಸತತ 3 ನಿಮಿಷ ಗುರಿ ಮೀರಿರಬೇಕು. ಆಮೇಲೆ ಸರ್ವರ್ ಬೂಟ್ ಆಗಿ, ಪ್ಯಾಕೇಜ್ ಇಳಿಸಿಕೊಂಡು ಕೆಲಸಕ್ಕೆ ನಿಲ್ಲಬೇಕು. ಎಲ್ಲ ಇನ್‌ಸ್ಟಾಲ್ ಮಾಡಿಟ್ಟ ಎಎಂಐನಿಂದಲೇ (ಸರ್ವರಿನ ಸಿದ್ಧ ಅಚ್ಚು) ಎಬ್ಬಿಸಿದರೆ ಪ್ಯಾಕೇಜ್ ಇಳಿಸುವ ಹೊತ್ತು ಉಳಿತಾಯವಾಗುತ್ತದೆ. ಗುರಿಯನ್ನು 50ಕ್ಕೆ ಇಳಿಸಿ. 80ರಲ್ಲಿ ಉಸಿರಾಡಲು ಜಾಗವಿಲ್ಲ. ಸರ್ವರ್ ಎದ್ದು ಉತ್ತರ ಕೊಡಲು ಹಿಡಿಯುವ ಸಮಯ ಅಳೆದು, ಅಷ್ಟನ್ನೇ ವಾರ್ಮಪ್‌ಗೆ (ಹೊಸ ಸರ್ವರಿನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯದೆ ಕಾಯುವ ಸಮಯ) ಬರೆಯಿರಿ. ಕಡಿಮೆ ಬರೆದರೆ ಬೂಟ್ ವೇಳೆಯ ಸಿಪಿಯು ಏರಿಕೆಯೂ ಲೆಕ್ಕಕ್ಕೆ ಸೇರಿ ಬೇಡದ ಸರ್ವರ್ ಎದ್ದಾವು.

ಗರಿಷ್ಠ 10 ಎಂದು ಬರೆಯುವ ಮುನ್ನ ಡೇಟಾಬೇಸ್ ನೋಡಿದ್ದೀರಾ? ನೀವೇ ಇನ್‌ಸ್ಟಾಲ್ ಮಾಡಿದ ಮೈಎಸ್‌ಕ್ಯೂಎಲ್ ಡೇಟಾಬೇಸ್ ಆದರೆ ಕನೆಕ್ಷನ್ ಮಿತಿ ಮಾಮೂಲಿಯಾಗಿ 151. ಸರ್ವರಿಗೆ 20 ಕನೆಕ್ಷನ್ನಿನ ಪೂಲ್ (ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಇದ್ದರೆ ಏಳಕ್ಕೆ 140, ಎಂಟನೆಯದು ಬಂದಾಗ ‘ಟೂ ಮೆನಿ ಕನೆಕ್ಷನ್ಸ್’. ಸರ್ವರ್ ಹೆಚ್ಚಿದಷ್ಟೂ ಆ್ಯಪ್ ಕೆಡುವುದು ಹೀಗೆ. ಪೂಲ್ 10ಕ್ಕೆ ಇಳಿಸಿ, ಇಲ್ಲವೇ ಗರಿಷ್ಠವನ್ನು 7ಕ್ಕೆ ನಿಲ್ಲಿಸಿ.

ನಮ್ಮನ್ನು ಕೇಳಿದರೆ ಇವೆಲ್ಲಕ್ಕೂ ಮೊದಲು ಕ್ಯಾಶ್ (ಒಮ್ಮೆ ತಂದ ಪುಟದ ತಾತ್ಕಾಲಿಕ ಪ್ರತಿ) ಹಾಕಿ. ದರಪಟ್ಟಿ ಎಲ್ಲರಿಗೂ ಒಂದೇ. ಸಿಡಿಎನ್‌ನಲ್ಲಿ (ಓದುಗರ ಹತ್ತಿರದಿಂದಲೇ ಪ್ರತಿ ಒದಗಿಸುವ ಜಾಲ) 60 ಸೆಕೆಂಡ್ ಇಟ್ಟರೂ ಬಹುಪಾಲು ಕೋರಿಕೆ ಸರ್ವರ್ ತನಕ ಬರುವುದೇ ಇಲ್ಲ.

ಪ್ರಶ್ನೆ: ಜನ ಕಡಿಮೆಯಾದ ತಕ್ಷಣ ಸರ್ವರ್ ಇಳಿಯುವುದಿಲ್ಲ. ಏನಾದರೂ ಕೆಟ್ಟಿದೆಯೇ?
– ಓದುಗರು, ಗಂಗಾವತಿ

ಉತ್ತರ: ಇಲ್ಲ. ಟಾರ್ಗೆಟ್ ಟ್ರ್ಯಾಕಿಂಗ್ ಇಳಿಸುವ ಮುನ್ನ 15 ನಿಮಿಷ ಕಾಯುತ್ತದೆ. ಲೋಡ್ ಬ್ಯಾಲೆನ್ಸರ್ (ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ಇದ್ದರೆ, ನಡೆಯುತ್ತಿರುವ ಕೋರಿಕೆಗಳು ಮುಗಿಯಲೆಂದು ಮತ್ತೆ 300 ಸೆಕೆಂಡ್ ವರೆಗೆ ತಡೆಯುತ್ತದೆ. ನಿಮ್ಮ ಕೋರಿಕೆಗಳು ಚಿಕ್ಕವಾದರೆ ಈ ಎರಡನೆಯದನ್ನು 30ಕ್ಕೆ ಇಳಿಸಬಹುದು.