ಕೆರೆ ನೋಡ್ತಾ ಕೂತರೆ ಯಾರ ಗಂಟು ಹೋಯ್ತು?

ಮೈಸೂರಿನ ಓದುಗರೊಬ್ಬರ ಪತ್ರ: ‘ಕುಕ್ಕರಹಳ್ಳಿ ಕೆರೆಯ ಹತ್ತಿರ ನಮ್ಮ ಮನೆ. ಮಹಡಿಯಿಂದ ಮರಗಳ ಸಂದಿಯಲ್ಲಿ ನೀರು ಕಾಣುತ್ತದೆ. ಹೋದ ಭಾನುವಾರ ಇಡೀ ದಿನ ಅಲ್ಲೇ ಕುರ್ಚಿ ಹಾಕಿಕೊಂಡು ಸುಮ್ನೆ ಕೂತಿದ್ದೆ. ಎರಡು ಸಲ ಕಾಫಿ, ಮಧ್ಯಾಹ್ನ ಮೊಸರನ್ನ, ಅಷ್ಟೇ. ಫೋನಿನಲ್ಲಿ ಮಗ, “ಟೈಮ್ ವೇಸ್ಟ್, ಎಲ್ಲಾದರೂ ಟ್ರಿಪ್ ಹೋಗಬಾರದಾ” ಎಂದ. ಬೇಜಾರಾಗಿ ಸಂಜೆ ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದಿಟ್ಟೆ. ನಾನು ಮಾಡಿದ್ದು ತಪ್ಪಾ?’

ತಪ್ಪೇ ತಾಯಿ. ಡಬ್ಬ ತೊಳೆದದ್ದು ತಪ್ಪು!

ನಿಮ್ಮ ಮಗ ಹೇಳೋದರಲ್ಲೂ ಸ್ವಲ್ಪ ನಿಜ ಇದೆ. ಕೂತೇ ಇದ್ದರೆ ಮಂಡಿ ಹಿಡಿದುಕೊಳ್ಳುತ್ತೆ. ಆಗಾಗ ಎದ್ದು ಓಡಾಡಿ. ಅಲ್ಲಿಗೆ ಅವರ ವಾದ ಮುಗಿಯಿತು.

ನೀವು ಕೂತ ಜಾಗ ಯಾವುದು ಗೊತ್ತಲ್ವಾ? ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಬೇಸಾಯಕ್ಕೆಂದು ಕಟ್ಟಿಸಿದ ಕೆರೆ ಅದು. ಕುವೆಂಪು ಅದರ ಏರಿಯ ಮೇಲೆ ಅಡ್ಡಾಡುತ್ತಿದ್ದರು. ದಿನಕ್ಕೆ ಎಷ್ಟು ಹೆಜ್ಜೆ ಹಾಕಿದರು ಅಂತ ಯಾರೂ ಲೆಕ್ಕ ಇಟ್ಟಿಲ್ಲ, ಪುಣ್ಯ.

ಹಳ್ಳಿಗಳಲ್ಲಿ ಕೆರೆ ನೋಡೋದೇ ಒಂದು ಉದ್ಯೋಗವಾಗಿತ್ತು. ನೀರಗಂಟಿ ಅಂತ ಇರುತ್ತಿದ್ದ. ನಮ್ಮ ಅಜ್ಜನ ಊರಿನ ನೀರಗಂಟಿಯನ್ನು ನಾನು ನೋಡಿದ್ದೇನೆ. ಏರಿಯ ಮೇಲೆ ಬೀಡಿ ಕಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ನೋಡಿದವರಿಗೆ ಸೋಮಾರಿ. ಆದರೆ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಕೋಡಿ ಯಾವತ್ತು ಬೀಳುತ್ತೆ, ಎಲ್ಲ ಅವನ ಕಣ್ಣಲ್ಲೇ ಇತ್ತು. ಸುಗ್ಗಿಯಲ್ಲಿ ಊರವರು ಕಾಳು ಅಳೆದು ಕೊಡುತ್ತಿದ್ದರು. ಅವನಿಗೆ ಯಾರೂ ಟ್ರಿಪ್ ಹೋಗು ಅನ್ನಲಿಲ್ಲ.

ಮುಂದಿನ ಭಾನುವಾರ ನೀರುಕಾಗೆಯನ್ನು ನೋಡಿ. ಅದರ ರೆಕ್ಕೆ ಬಾತುಕೋಳಿಯದರಂತಲ್ಲ, ನೀರಲ್ಲಿ ನೆನೆಯುತ್ತೆ. ಮುಳುಗಿ ಮೀನು ಹಿಡಿಯೋಕೆ ಅದರಿಂದಲೇ ಅನುಕೂಲ. ಆಮೇಲೆ ಒಣಗಿದ ಕೊಂಬೆ ಮೇಲೆ ಎರಡೂ ರೆಕ್ಕೆ ಅಗಲಿಸಿ ಬಿಸಿಲಿಗೆ ನಿಲ್ಲುತ್ತೆ. ತುಂಬಾ ಹೊತ್ತು. ಹೆಜ್ಜಾರ್ಲೆ, ಅಂದರೆ ಪೆಲಿಕನ್, ಅದಂತೂ ಕೊಕ್ಕಿನ ಚೀಲ ಎದೆಗೆ ಒತ್ತಿಕೊಂಡು ಹಾಗೇ ತೂಕಡಿಸುತ್ತೆ. ಇವಕ್ಕೆಲ್ಲ ಟೈಮ್ ವೇಸ್ಟ್ ಅಂತ ಫೋನ್ ಬರೋಲ್ಲ.

ನನ್ನ ಸಿಟ್ಟು ನಿಮ್ಮ ಮಗನ ಮೇಲಲ್ಲ. ಕೆರೆ ಅಂದರೆ ಏನಕ್ಕಾದರೂ ಉಪಯೋಗಕ್ಕೆ ಬರಲೇಬೇಕು ಅನ್ನೋ ಬುದ್ಧಿ ಇದೆಯಲ್ಲ, ಅದರ ಮೇಲೆ. ಬೆಂಗಳೂರಲ್ಲಿ ಆ ಬುದ್ಧಿಯೇ ಸಂಪಂಗಿ ಕೆರೆಯನ್ನು ಕಂಠೀರವ ಕ್ರೀಡಾಂಗಣ ಮಾಡಿತು, ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ನಿಲ್ದಾಣ ಮಾಡಿತು. ಉಳಿದ ಕೆರೆಗಳ ಪಕ್ಕ ಅಪಾರ್ಟ್‌ಮೆಂಟ್ ಎಬ್ಬಿಸಿ, ‘ಲೇಕ್ ವ್ಯೂ’ ಅಂತ ಬೋರ್ಡ್ ಹಾಕಿ ಜಾಸ್ತಿ ದುಡ್ಡು ಕೀಳುತ್ತಾರೆ. ಕೊಂಡವರು ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿ ಟಿವಿ ನೋಡುತ್ತಾರೆ!

ಇನ್ನು ‘ಅಭಿವೃದ್ಧಿ’. ಸುತ್ತ ಕಂಬಿಬೇಲಿ, ಸಿಮೆಂಟ್ ದಾರಿ, ಸೆಲ್ಫಿಗೊಂದು ಬಣ್ಣದ ಹೃದಯ. ಈಗ ರಾತ್ರಿಯಿಡೀ ಉರಿಯೋ ದೀಪ ಬೇರೆ. ಕತ್ತಲಾದ ಮೇಲೆ ಕೆರೆಗೆ ಬೆಳಕು ಯಾಕೆ ಸ್ವಾಮಿ? ಬೆಳ್ಳಕ್ಕಿಗಳೇನು ನಮ್ಮ ಪತ್ರಿಕೆಗೆ ಚಂದಾ ಕಟ್ಟಿವೆಯೇ?

– ಸಂ.