ನೆರೆ ನೀರು ನುಗ್ಗಿದ ಬಾವಿ: ಎರಡು ಸಲ ಬ್ಲೀಚಿಂಗ್ ಪೌಡರ್ ಹಾಕಿದರೂ ವಾಸನೆ ಮರಳುವುದೇಕೆ?

ಬಹುಶಃ ತಳದ ಹೂಳೇ ಕಾರಣ. ಕೆಸರು, ಕೊಳೆತ ಎಲೆ ಕ್ಲೋರಿನ್ನನ್ನು ಮೊದಲೇ ಹೀರಿಕೊಳ್ಳುತ್ತವೆ. ರೋಗಾಣು ಕೊಲ್ಲಲು ಏನೂ ಉಳಿಯುವುದಿಲ್ಲ. ಹೂಳು ತೆಗೆಯದೆ ಮೂರನೇ ಸಲ ಪೌಡರ್ ಹಾಕಬೇಡಿ.

ಸುತ್ತಲಿನ ನೆಲ ಇನ್ನೂ ನೆನೆದಿದ್ದರೆ ಒಮ್ಮೆಲೇ ಖಾಲಿ ಮಾಡಬೇಡಿ, ಹೊರಗಿನ ಒತ್ತಡಕ್ಕೆ ಗೋಡೆ ಕುಸಿಯಬಹುದು. ನೆಲ ಆರಿದ ಮೇಲೆ ಸ್ವಲ್ಪ ಸ್ವಲ್ಪವೇ ಎತ್ತಿ. ಎಂಜಿನ್ ಪಂಪನ್ನು ಬಾವಿಯೊಳಗೆ ಇಳಿಸಲೇಬೇಡಿ, ಅದರ ಹೊಗೆ ಜೀವ ತೆಗೆಯುತ್ತದೆ. ಹೂಳೆತ್ತಲು ಇಳಿಯುವುದಾದರೆ ಅನುಭವಸ್ಥರೇ ಇಳಿಯಲಿ, ಸೊಂಟಕ್ಕೆ ಹಗ್ಗವಿರಲಿ, ಮೇಲೆ ಇಬ್ಬರಿರಲಿ.

ನೀರು ತುಂಬಿ ತಿಳಿಯಾದ ಮೇಲೆ ಅಳೆಯಿರಿ: ವ್ಯಾಸ × ವ್ಯಾಸ × ನೀರಿನ ಆಳ (ಎಲ್ಲವೂ ಮೀಟರಿನಲ್ಲಿ) × 785 = ಲೀಟರ್. 3 ಮೀಟರ್ ವ್ಯಾಸ, 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಶೇ. 33 ಕ್ಲೋರಿನ್ ಇರುವ ಪೌಡರ್ ಸಾವಿರ ಲೀಟರಿಗೆ 60 ಗ್ರಾಂನಂತೆ ಸುಮಾರು 1.7 ಕೆಜಿ ಬೇಕು. ತೆರೆದಿಟ್ಟ ಹಳೆಯ ಪೌಡರ್ ಸತ್ವ ಕಳೆದುಕೊಂಡಿರುತ್ತದೆ, ಹೊಸದನ್ನೇ ತನ್ನಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಿರಿ, ಗೋಡೆಗೂ ಎರಚಿ. ಕೊಡದಿಂದ ಹತ್ತಾರು ಸಲ ಮೇಲೆ ಕೆಳಗೆ ಕಲಕಿ 24 ಗಂಟೆ ಬಿಡಿ. ಆಮೇಲೆ ಕ್ಲೋರಿನ್ ಘಾಟು ಹೋಗುವವರೆಗೆ ನೀರೆತ್ತಿ ಚೆಲ್ಲಿ. ಕೆರೆ, ಹಳ್ಳಕ್ಕೆ ಬಿಡಬೇಡಿ, ಮೀನು ಸಾಯುತ್ತವೆ.

ವಾರದ ನಂತರ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಕುದಿಸಿಯೇ ಕುಡಿಯಿರಿ. ಮತ್ತೆ ಕೆಟ್ಟರೆ ರಿಂಗಿನ ಸಂದಿನಿಂದಲೋ ಹತ್ತಿರದ ಶೌಚಗುಂಡಿಯಿಂದಲೋ ಸೋರಿಕೆಯಿರಬಹುದು. ಸೀಮೆಎಣ್ಣೆ ಅಥವಾ ಕೀಟನಾಶಕದ ವಾಸನೆಯಾದರೆ ಮಾತ್ರ ಇದಾವುದೂ ಉಪಯೋಗವಿಲ್ಲ, ಕುದಿಸಿದರೂ ಆ ನೀರು ಕುಡಿಯಬೇಡಿ.